ಕಡಲ ವಿವಾದ, ಸಣ್ಣ ದೇಶದ ರಕ್ಷಣಾ ನೀತಿ: ಉತ್ತರ ಬರೆಯುವ ಬಗೆ

ದಾವಣಗೆರೆ, ಚಿತ್ರದುರ್ಗದ ಲೈಬ್ರರಿಗಳಲ್ಲಿ ಕೂತು ನಾಗರಿಕ ಸೇವಾ ಪರೀಕ್ಷೆಯ ಮೇನ್ಸ್‌ಗೆ ಓದುವವರು ದಕ್ಷಿಣ ಚೀನಾ ಸಮುದ್ರದ ವಿವಾದದ ಪ್ರಶ್ನೆ ಬಂದರೆ ಚೀನಾವನ್ನು ಬೈದೇ ಪುಟ ತುಂಬಿಸುತ್ತಾರೆ. ಕೇಳಿರುವುದು ಸಣ್ಣ ದೇಶ ಏನನ್ನು ಬದಲಿಸಿಕೊಂಡಿತು ಎಂದು. ಒಂದೇ ದೇಶ ಹಿಡಿಯಿರಿ, ಫಿಲಿಪ್ಪೀನ್ಸ್ ಸಾಕು.

ಮೊದಲು ದೂರ ಗೊತ್ತಿರಲಿ. ಒಂದು ನಾಟಿಕಲ್ ಮೈಲು 1.852 ಕಿ.ಮೀ. ಪ್ರಾದೇಶಿಕ ಸಮುದ್ರ ದಡದಿಂದ ಇಂಥ 12 ಮೈಲು, ಅಂದರೆ ಸುಮಾರು 22 ಕಿ.ಮೀ. ಆರ್ಥಿಕ ವಲಯ 200 ಮೈಲು, ಸುಮಾರು 370 ಕಿ.ಮೀ, ದಾವಣಗೆರೆಯಿಂದ ಹೆದ್ದಾರಿ ಹಿಡಿದು ಹೊಸೂರು ದಾಟಿದರೂ ಮುಗಿಯದಷ್ಟು. ಮೊದಲನೆಯದರಲ್ಲಿ ಸಾರ್ವಭೌಮತ್ವ, ಎರಡನೆಯದರಲ್ಲಿ ಮೀನು, ತೈಲದಂಥ ಸಂಪನ್ಮೂಲಗಳ ಹಕ್ಕು ಮಾತ್ರ. ಇವೆರಡನ್ನು ಕಲಸಿದರೆ ಮುಂದಿನದೆಲ್ಲ ತಪ್ಪುತ್ತದೆ. ಫಿಲಿಪ್ಪೀನ್ಸ್ ಚೀನಾದ ವಿರುದ್ಧ ಹೂಡಿದ ದಾವೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ 2016ರ ಜುಲೈ 12ರಂದು ಕೊಟ್ಟ ತೀರ್ಪು ಹವಳದ ದಿಬ್ಬಗಳು ಯಾರವು ಎಂದು ಹೇಳಲೇ ಇಲ್ಲ; ಚೀನಾ ನಕ್ಷೆಯಲ್ಲಿ ಎಳೆದುಕೊಂಡ ಒಂಬತ್ತು ತುಂಡು ಗೆರೆಗಳೊಳಗಿನ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದಿತು.

ಆಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ಘಟನೆ: 1995 ಮಿಸ್ಚೀಫ್ ದಿಬ್ಬ ಚೀನಾ ವಶಕ್ಕೆ, 2012 ಸ್ಕಾರ್ಬರೋ ದಿಬ್ಬದ ಬಳಿ ಎರಡೂ ದೇಶಗಳ ಹಡಗುಗಳು ಎದುರಾದ ಬಿಕ್ಕಟ್ಟು. ಬಲಕ್ಕೆ ನೀತಿ: 1991ರಲ್ಲಿ ಅಮೆರಿಕದ ನೆಲೆಗಳನ್ನು ಮುಂದುವರಿಸುವ ಒಪ್ಪಂದ ಫಿಲಿಪ್ಪೀನ್ಸ್ ಸೆನೆಟ್‌ನಲ್ಲಿ 12–11ರಿಂದ ಬಿದ್ದದ್ದು, 1998ರಲ್ಲಿ ಅಮೆರಿಕದ ಪಡೆಗಳ ಭೇಟಿ ಒಪ್ಪಂದ, 2014ರಲ್ಲಿ ಫಿಲಿಪ್ಪೀನ್ಸ್‌ನ ನೆಲೆಗಳನ್ನು ಅಮೆರಿಕ ಬಳಸಲು ಎಡ್ಕಾ ಒಪ್ಪಂದ. 1995ರಿಂದ 1998, 2012ರಿಂದ 2014: ಘಟನೆಯಿಂದ ನೀತಿಗೆ ಎರಡು–ಮೂರು ವರ್ಷದ ಅಂತರ ಕಾಣುತ್ತದೆ.

ಹಾಗೆಂದು ನೇರ ಗೆರೆ ಎಳೆಯಬೇಡಿ. ತೀರ್ಪು ಗೆದ್ದ ಹೊತ್ತಿಗೇ ಅಧಿಕಾರಕ್ಕೆ ಬಂದ ಅಧ್ಯಕ್ಷ ಡುಟೆರ್ಟೆ ಅದನ್ನು ಬದಿಗಿಟ್ಟರು. 2020ರಲ್ಲಿ ಭೇಟಿ ಒಪ್ಪಂದವನ್ನೇ ರದ್ದು ಮಾಡುವ ನೋಟಿಸ್ ಕೊಟ್ಟು, 2021ರಲ್ಲಿ ಹಿಂದೆ ತೆಗೆದುಕೊಂಡರು. ಗಾದಿಯಲ್ಲಿ ಯಾರಿದ್ದಾರೆ ಎಂಬುದನ್ನು ಬಿಟ್ಟರೆ ಉತ್ತರ ಅರ್ಧವೇ.

ಸಾಕ್ಷಿಗೆ ಭಾಷಣ ಬೇಡ. ಏನು ಕೊಂಡರು ನೋಡಿ. ದಶಕಗಳ ಕಾಲ ಒಳನಾಡಿನ ಬಂಡುಕೋರರ ವಿರುದ್ಧ ಕಾದಾಡಿದ ಸೇನೆ, 2024ರಲ್ಲಿ ದ್ವೀಪಸಮೂಹ ರಕ್ಷಣೆಯ ಪರಿಕಲ್ಪನೆಗೆ ಹೊರಳಿತು. 2022ರ ಜನವರಿಯಲ್ಲಿ ಸುಮಾರು 37.5 ಕೋಟಿ ಡಾಲರ್‌ಗೆ ಭಾರತದ ಬ್ರಹ್ಮೋಸ್ ಕ್ಷಿಪಣಿ ಖರೀದಿ, 2024ರ ಏಪ್ರಿಲ್‌ನಲ್ಲಿ ಮೊದಲ ಕಂತು. (ಊರಭಿಮಾನಕ್ಕೆ ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ಕೇಂದ್ರವನ್ನು ಇಲ್ಲಿ ತುರುಕಬೇಡಿ, ಅದು ಡ್ರೋನ್, ವಿಮಾನಗಳ ಪರೀಕ್ಷೆಯ ಜಾಗ.)

ಆದರೆ ಕ್ಷಿಪಣಿಯಿಂದ ಆಗದ ಕೆಲಸವೂ ಇದೆ. ಸೆಕೆಂಡ್ ಥಾಮಸ್ ದಿಬ್ಬದ ಮೇಲೆ 1999ರಲ್ಲಿ ಫಿಲಿಪ್ಪೀನ್ಸ್ ಬೇಕೆಂದೇ ಸಿಕ್ಕಿಸಿ ನಿಲ್ಲಿಸಿದ ಸಿಯೆರಾ ಮಾದ್ರೆ ಎಂಬ ಎರಡನೇ ಮಹಾಯುದ್ಧ ಕಾಲದ ಹಡಗು ತುಕ್ಕು ಹಿಡಿದು ನಿಂತಿದೆ. ಅದರೊಳಗಿನ ಸೈನಿಕರಿಗೆ ಅಕ್ಕಿ, ನೀರು ಒಯ್ಯುವ ದೋಣಿಗಳ ಮೇಲೆ ಚೀನಾ ಜಲಫಿರಂಗಿ ಹಾರಿಸಿತು. ಜಲಫಿರಂಗಿಗೆ ಉತ್ತರವಾಗಿ ಕ್ಷಿಪಣಿ ಬಿಟ್ಟರೆ ಯುದ್ಧವೇ. ಇಂಥಲ್ಲಿ ಬೇಕಾಗುವುದು ಕರಾವಳಿ ಕಾವಲು ಪಡೆ; ಅದಕ್ಕೆ ಜಪಾನ್‌ನ ಸಾಲದಲ್ಲಿ 44 ಮೀಟರ್‌ನ 10, 97 ಮೀಟರ್‌ನ 2 ಹಡಗು ಬಂದವು. ಹೆಚ್ಚಿನವರು ನೌಕಾಪಡೆಯನ್ನಷ್ಟೇ ಎಣಿಸಿ ಇದನ್ನು ಬಿಡುತ್ತಾರೆ.

ಫಿಲಿಪ್ಪೀನ್ಸ್, ಅಮೆರಿಕ ನಡುವಿನ 1951ರ ರಕ್ಷಣಾ ಒಪ್ಪಂದದಿಂದ ಅಮೆರಿಕ ತಾನಾಗಿ ಯುದ್ಧಕ್ಕೆ ಇಳಿಯುತ್ತದೆ ಎಂದೂ ಬರೆಯಬೇಡಿ. ಪ್ರತಿ ದೇಶ ತನ್ನ ಸಂವಿಧಾನದ ಕ್ರಮದಂತೆ ನಡೆಯುತ್ತದೆ ಎಂದಷ್ಟೇ ಅದರಲ್ಲಿದೆ. 2023ರಲ್ಲಿ ಎಡ್ಕಾ ನೆಲೆಗಳು 5ರಿಂದ 9ಕ್ಕೆ ಏರಿದ್ದನ್ನೂ ನಕ್ಷೆ ನೋಡಿಯೇ ಬಳಸಿ: ಹೊಸ ನಾಲ್ಕರಲ್ಲಿ ಮೂರು ಉತ್ತರ ಲುಝಾನ್‌ನಲ್ಲಿ, ತೈವಾನ್ ಕಡೆಗಿವೆ, ವಿವಾದದ ಕಡಲಿನ ಪಕ್ಕದ ಪಲಾವಾನ್ ಕಡೆಗಿರುವುದು ಬಲಾಬಾಕ್ ಒಂದೇ.