ಗಾಳಿ, ಪೆಟ್ರೋಲ್ ಮತ್ತು ಪುಣೆಯ ಎತ್ತರ: ಹಳೆಯ ಕಾರಿನ ಮಿಶ್ರಣವನ್ನು ಅಳೆದು ಹೊಂದಿಸುವ ಕ್ರಮ

ಮುಂಬೈಯಲ್ಲೋ ಮಂಗಳೂರಿನಲ್ಲೋ ವರ್ಷಗಟ್ಟಲೆ ಸರಿಯಾಗಿ ಓಡಿದ ಕಾರ್ಬುರೇಟರ್ ಕಾರನ್ನು ಪುಣೆಗೆ ತಂದವರು ಸಾಮಾನ್ಯವಾಗಿ ಎರಡು ದೂರು ಹೇಳುತ್ತಾರೆ: ಪಿಕಪ್ ಮಂಕಾಗಿದೆ, ಆವರೇಜ್ ಇಳಿದಿದೆ. ಗ್ಯಾರೇಜಿನಲ್ಲಿ ಇದಕ್ಕೆ ಸಿಗುವ ಚಿಕಿತ್ಸೆಯೂ ಬಹುಮಟ್ಟಿಗೆ ಒಂದೇ. ಕಾರ್ಬುರೇಟರಿನ ಸ್ಕ್ರೂವನ್ನು ಒಂದಿಷ್ಟು ಒಳಕ್ಕೆ ತಿರುಗಿಸಿ, ಎರಡು ಸಲ ರೇಸ್ ಕೊಟ್ಟು, ಸದ್ದನ್ನು ಕೇಳಿ ಬಾನೆಟ್ ಮುಚ್ಚುತ್ತಾರೆ. ಆದರೆ ಆ ಸ್ಕ್ರೂ ಬದಲಿಸುವುದು ನಿಂತ ಕಾರಿನ ನಿಧಾನ ಓಟದ, ಅಂದರೆ ಐಡಲ್ ಸ್ಥಿತಿಯ ಮಿಶ್ರಣವನ್ನು ಮಾತ್ರ. ರಸ್ತೆಯಲ್ಲಿ ಓಡುವ ಕಾರಿಗೆ ಪೆಟ್ರೋಲನ್ನು ಅಳೆದು ಕೊಡುವುದು ಒಳಗಿರುವ ಜೆಟ್‌ಗಳು, ಅಂದರೆ ನಿಖರ ಅಳತೆಯ ರಂಧ್ರವಿರುವ ಸಣ್ಣ ಬಿಡಿಭಾಗಗಳು. ಮಾರುತಿ 800, ಪ್ರೀಮಿಯರ್ ಪದ್ಮಿನಿಯಂತಹ ಕಾರುಗಳಲ್ಲಿ, ಅಂದರೆ ಟರ್ಬೊ ಇಲ್ಲದೆ ಪಿಸ್ಟನ್ ಕೆಳಗಿಳಿಯುವಾಗಿನ ಸೆಳೆತದಿಂದಲೇ ಗಾಳಿಯನ್ನು ಎಳೆದುಕೊಳ್ಳುವ ಎಂಜಿನ್‌ಗಳಲ್ಲಿ, ಗಾಳಿ–ಪೆಟ್ರೋಲ್ ಪ್ರಮಾಣವನ್ನು ಹೇಗೆ ಅಳೆಯಬೇಕು, ಯಾವ ಕ್ರಮದಲ್ಲಿ ಸರಿಪಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗುರಿ ಯಾವುದು?

ಒಂದು ಕಿಲೊ ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಎಂಜಿನ್‌ಗೆ ದೊರೆತ ಗಾಳಿಯನ್ನು ಹೀಗೆ ಬೇಕಾದ ಗಾಳಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಲ್ಯಾಂಬ್ಡಾ. ಅದು 1 ಆಗಿದ್ದರೆ ಲೆಕ್ಕ ಸರಿಸಮ. 1ಕ್ಕಿಂತ ಕಡಿಮೆಯಾದರೆ ಪೆಟ್ರೋಲ್ ಹೆಚ್ಚು, ಅಂದರೆ ಮಿಶ್ರಣ ರಿಚ್. 1ಕ್ಕಿಂತ ಹೆಚ್ಚಾದರೆ ಗಾಳಿ ಹೆಚ್ಚು, ಅಂದರೆ ಲೀನ್. ಎಲ್ಲ ಸ್ಥಿತಿಗೂ ಒಂದೇ ಅಂಕಿ ಸಲ್ಲುವುದಿಲ್ಲ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಕಾರಿನಲ್ಲಿ ಐಡಲ್‌ಗೆ 0.95ರಿಂದ 1, ಸಮವೇಗದ ಓಟಕ್ಕೆ 1ರಿಂದ 1.05, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ 0.86ರಿಂದ 0.90 ಇರುವಂತೆ ನೋಡಿಕೊಳ್ಳುವುದು ಒಳ್ಳೆಯ ಆರಂಭ. ಪೂರ್ತಿ ಒತ್ತಿದಾಗ ಪೆಟ್ರೋಲ್ ಹೆಚ್ಚು ಬೇಕಾಗುವುದು ಶಕ್ತಿಗಾಗಿ ಮಾತ್ರವಲ್ಲ; ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತ ಸಿಲಿಂಡರಿನ ಒಳಭಾಗವನ್ನು ತಂಪಾಗಿಡುತ್ತದೆ, ಮಿಶ್ರಣ ತಾನೇ ಸಿಡಿದು ಕಟಕಟ ಸದ್ದು ಮಾಡುವ ನಾಕಿಂಗ್ ಅನ್ನು ತಡೆಯುತ್ತದೆ.

ಈಗ ಪುಣೆಯ ವಿಷಯ. ಈ ಊರು ಸಮುದ್ರಮಟ್ಟಕ್ಕಿಂತ ಸುಮಾರು 560 ಮೀಟರ್ ಮೇಲಿದೆ, ಗಾಳಿಯ ಸಾಂದ್ರತೆ ಮುಂಬೈಗಿಂತ ಶೇ 5ರಷ್ಟು ಕಡಿಮೆ. ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ, ಅದನ್ನು ಯಾವ ಸ್ಕ್ರೂ ತಿರುಗಿಸಿದರೂ ಮರಳಿ ಪಡೆಯಲಾಗದು. ಕಾರ್ಬುರೇಟರ್ ಗಾಳಿಯ ತೂಕವನ್ನು ಅಳೆಯುವುದಿಲ್ಲ, ಅದರ ಹರಿವು ಉಂಟುಮಾಡುವ ಸೆಳೆತಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ. ಆದ್ದರಿಂದ ಗಾಳಿ ತೆಳುವಾದಷ್ಟು ಮಿಶ್ರಣ ರಿಚ್ ಆಗುತ್ತದೆ. ಪುಣೆಯಲ್ಲಿ ಈ ವ್ಯತ್ಯಾಸ ಶೇ 3ರ ಆಸುಪಾಸು, ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದಲ್ಲಿ ಶೇ 7ರ ಹತ್ತಿರ. ಇಷ್ಟೇ ಆಗಿದ್ದರೆ ಸ್ಕ್ರೂ ಒಳಕ್ಕೆ, ಜೆಟ್ ಒಂದು ಸೈಜ್ ಚಿಕ್ಕದು ಎಂಬ ಹಳೆಯ ಸೂತ್ರ ಸಾಕಾಗುತ್ತಿತ್ತು.

ಆದರೆ ಪಂಪಿನಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಎಥನಾಲ್ ಉರಿಯಲು ಪ್ರತಿ ಕಿಲೊಗೆ ಸುಮಾರು 9 ಕಿಲೊ ಗಾಳಿ ಸಾಕು. ಹೀಗಾಗಿ ಈ ಮಿಶ್ರ ಇಂಧನದ ಸರಿಸಮ ಪ್ರಮಾಣ 14.7 ಅಲ್ಲ, ಸುಮಾರು 13.5. ಶುದ್ಧ ಪೆಟ್ರೋಲಿಗೆಂದು ಆರಿಸಿದ ಜೆಟ್‌ಗಳು ಹಿಂದಿನಷ್ಟೇ ಇಂಧನವನ್ನು ಬಿಡುವುದರಿಂದ ಮಿಶ್ರಣ ಶೇ 7ರಷ್ಟು ಲೀನ್ ಆಗುತ್ತದೆ. ಎತ್ತರ ಒಂದು ಕಡೆಗೆ ಎಳೆದರೆ ಎಥನಾಲ್ ಇನ್ನೊಂದು ಕಡೆಗೆ ಅದಕ್ಕಿಂತ ಬಲವಾಗಿ ಎಳೆಯುತ್ತದೆ. ಮುಂಬೈಯ ಸಮುದ್ರಮಟ್ಟದಲ್ಲಿ ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರು ಇಂದು ಪುಣೆಯಲ್ಲಿ ರಿಚ್ ಅಲ್ಲ, ಲೀನ್ ಆಗಿಯೇ ಓಡುತ್ತಿರುವ ಸಾಧ್ಯತೆ ಹೆಚ್ಚು. ಅಂತಹ ಕಾರಿನ ಸ್ಕ್ರೂವನ್ನು ರೂಢಿಯಂತೆ ಒಳಕ್ಕೆ ತಿರುಗಿಸಿದರೆ ಕೆಟ್ಟದ್ದು ಇನ್ನಷ್ಟು ಕೆಡುತ್ತದೆ. ಕಿವಿಯನ್ನು ನಂಬದೆ ಮೀಟರಿನಿಂದ ಅಳೆಯಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಮಿಶ್ರಣವನ್ನು ಮುಟ್ಟುವ ಮೊದಲು

ಮಿಶ್ರಣ ಹೊಂದಿಸುವುದು ಟ್ಯೂನಿಂಗ್‌ನ ಕೊನೆಯ ಕೆಲಸ. ಟ್ಯಾಪೆಟ್ ಅಂತರ, ಪ್ಲಗ್, ಇಗ್ನಿಷನ್ ಟೈಮಿಂಗ್, ಏರ್ ಫಿಲ್ಟರ್ ಇವೆಲ್ಲ ಕಾರಿನ ಕೈಪಿಡಿ ಹೇಳಿದಂತೆ ಇರಬೇಕು. ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವ ತೇಲುಗುಂಡಿನ, ಅಂದರೆ ಫ್ಲೋಟಿನ ಮಟ್ಟವನ್ನು ತಪ್ಪದೆ ನೋಡಿ. ಬಟ್ಟಲಿನಲ್ಲಿ ಪೆಟ್ರೋಲ್ ಏರಿದರೆ ಎಲ್ಲ ವೇಗಗಳಲ್ಲೂ ಮಿಶ್ರಣ ರಿಚ್ ಆಗುತ್ತದೆ, ಆಗ ಜೆಟ್ ಬದಲಿಸುತ್ತ ಕುಳಿತರೆ ಕೆಲಸ ಮುಗಿಯುವುದೇ ಇಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಬಿರುಕು ಬಿಡಿಸುವುದರಿಂದ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಗ್ಯಾಸ್ಕೆಟ್‌ಗಳನ್ನು ಇದೇ ಹೊತ್ತಿಗೆ ಬದಲಿಸುವುದು ಉತ್ತಮ. ಇವುಗಳಲ್ಲಿ ಹೆಚ್ಚಿನವನ್ನು ಪುಣೆಯ ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಬಹುದು, ಹಳೆಯ ಭಾಗವನ್ನು ಜೊತೆಗೆ ಒಯ್ದರೆ ಅಳತೆ ತಪ್ಪುವುದಿಲ್ಲ.

ಗಾಳಿ ಕದ್ದು ಒಳನುಗ್ಗುವ ದಾರಿಗಳನ್ನೂ ಮುಚ್ಚಬೇಕು. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ಹಿಸುಕಿ ನೋಡಿ. ಯಾವುದನ್ನು ಹಿಸುಕಿದಾಗ ಎಂಜಿನ್ನಿನ ಸುತ್ತುವ ವೇಗ ಬದಲಾಗುತ್ತದೆಯೋ ಅದರ ಆಚೆಗೆ ಸೋರಿಕೆ ಇರುವ ಸಂಭವವಿದೆ. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್ ಸುತ್ತ ಸ್ವಲ್ಪ ನೀರನ್ನು ಸಿಂಪಡಿಸಿದಾಗ ಐಡಲ್ ತಡವರಿಸಿದರೆ ಅಲ್ಲಿಂದಲೂ ಗಾಳಿ ಹೋಗುತ್ತಿದೆ ಎಂದರ್ಥ.

ಅಳೆಯುವ ಸಾಧನ

ಖರ್ಚಿಲ್ಲದ ಮೊದಲ ಅಳತೆ ವಾಹನದ ಹೊಗೆ ತಪಾಸಣೆಯ ಪ್ರಮಾಣಪತ್ರದಲ್ಲೇ, ಅಂದರೆ ನಿಮ್ಮ ಪಿಯುಸಿ ಚೀಟಿಯಲ್ಲೇ ಇದೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾವಾರು, ಉರಿಯದ ಹೈಡ್ರೋಕಾರ್ಬನ್ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಭಾರತ್ ಸ್ಟೇಜ್ 2 ಎಂಬ ಹೊಗೆ ಮಾನದಂಡಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಮೊದಲನೆಯದರ ಮಿತಿ ಶೇ 3, ಎರಡನೆಯದು 1,500. ಮೊದಲನೆಯ ಅಂಕಿ ಮೇಲಿದ್ದರೆ ಐಡಲ್ ರಿಚ್. ಮೊದಲನೆಯದು ಬಹಳ ಕೆಳಗಿದ್ದು ಎರಡನೆಯದು ಏರಿದ್ದರೆ ಮಿಶ್ರಣ ಉರಿಯದಷ್ಟು ಲೀನ್ ಆಗಿರಬಹುದು, ಇಲ್ಲವೇ ಪ್ಲಗ್ ಕಿಡಿ ತಪ್ಪುತ್ತಿರಬಹುದು. ಇಷ್ಟು ಓದಲು ಬಂದರೆ ಅರ್ಧ ರೋಗ ಪತ್ತೆಯಾದಂತೆ.

ರಸ್ತೆಯ ಮೇಲಿನ ಅಳತೆಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಅದರ ಮೀಟರ್ ಬೇಕು. ಬಾಷ್ ಕಂಪನಿಯ ಎಲ್‌ಎಸ್‌ಯು 4.9 ಸೆನ್ಸರನ್ನು ಬಳಸುವ ಮೀಟರ್‌ಗಳು ಸುಲಭವಾಗಿ ದೊರೆಯುತ್ತವೆ. ಎಲ್ಲ ಸಿಲಿಂಡರುಗಳ ಹೊಗೆ ಒಂದಾಗುವ ಜಾಗದ ಮುಂದೆ, ಎಕ್ಸಾಸ್ಟ್ ಪೈಪಿನ ಮೇಲ್ಭಾಗದಲ್ಲಿ, ಗಡಿಯಾರದ ಹತ್ತು ಮತ್ತು ಎರಡು ಗಂಟೆಗಳ ನಡುವಿನ ಓರೆಯಲ್ಲಿ ಸೆನ್ಸರಿಗೆ ತಿರುಪು ಬಳೆಯನ್ನು ವೆಲ್ಡ್ ಮಾಡಿಸಿ. ಕೆಳಭಾಗದಲ್ಲಿ ಕೂರಿಸಿದರೆ ಪೈಪಿನಲ್ಲಿ ಇಳಿದ ನೀರಿನ ಹನಿ, ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವ ಸೆನ್ಸರಿನ ಪಿಂಗಾಣಿಗೆ ತಗಲಿ ಅದು ಸೀಳುತ್ತದೆ. ಸೆನ್ಸರನ್ನು ಕೂರಿಸಿದ ಮೇಲೆ ವಿದ್ಯುತ್ ಕೊಡದೆ ಕಾರು ಓಡಿಸಬಾರದು, ಮಸಿ ಕಟ್ಟಿ ಹಾಳಾಗುತ್ತದೆ.

ಮೀಟರನ್ನು ಲ್ಯಾಂಬ್ಡಾ ತೋರಿಸುವಂತೆ ಇಟ್ಟುಕೊಳ್ಳಿ. ಸೆನ್ಸರಿಗೆ ತಿಳಿಯುವುದು ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೋ, ಕೊರತೆಯಾಗಿದೆಯೋ ಎಂಬುದು ಮಾತ್ರ. ಪರದೆಯ ಮೇಲಿನ 14.7 ಎಂಬ ಅಂಕಿ ಲ್ಯಾಂಬ್ಡಾವನ್ನು ಶುದ್ಧ ಪೆಟ್ರೋಲಿನ ಲೆಕ್ಕದಿಂದ ಗುಣಿಸಿ ತೋರಿಸಿದ್ದು. ಎಥನಾಲ್ ಎಷ್ಟಿದ್ದರೂ ಲ್ಯಾಂಬ್ಡಾ 1 ಎಂದರೆ 1. ಇನ್ನೊಂದು ಎಚ್ಚರಿಕೆ: ಎಕ್ಸಾಸ್ಟ್ ಜೋಡಣೆ ಸೋರುತ್ತಿದ್ದರೂ, ಎಂಜಿನ್ ಮಿಸ್ಸಿಂಗ್ ಆಗುತ್ತಿದ್ದರೂ ಮೀಟರ್ ಲೀನ್ ಎಂದೇ ತೋರಿಸುತ್ತದೆ, ಏಕೆಂದರೆ ಎರಡೂ ಸಂದರ್ಭಗಳಲ್ಲಿ ಬಳಕೆಯಾಗದ ಗಾಳಿ ಸೆನ್ಸರಿಗೆ ತಲುಪುತ್ತದೆ.

ಐಡಲ್ ಹೊಂದಿಸುವುದು

ಈ ಕೆಲಸವನ್ನು ಬಯಲಿನಲ್ಲಿ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಚೋಕ್ ಪೂರ್ತಿ ತೆರೆದಿರಲಿ, ಎಸಿ ಮತ್ತು ದೀಪಗಳು ಆರಿರಲಿ. ಮೊದಲು ಐಡಲ್ ವೇಗವನ್ನು ಹೆಚ್ಚು–ಕಡಿಮೆ ಮಾಡುವ ಥ್ರಾಟಲ್ ಸ್ಕ್ರೂವಿನಿಂದ ಆ ವೇಗವನ್ನು ಕೈಪಿಡಿಯ ಅಂಕಿಗೆ ತನ್ನಿ. ಅನಂತರ ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಕ್ಕೆ ತಿರುಗಿಸುತ್ತ, ಪ್ರತಿ ಬಾರಿ ಎಂಜಿನ್‌ಗೆ ನೆಲೆಗೊಳ್ಳಲು ಸಮಯ ಕೊಡಿ. ಅದು ತಡವರಿಸತೊಡಗಿದ ಸ್ಥಾನವನ್ನು ಗುರುತಿಟ್ಟುಕೊಂಡು ಹೊರಕ್ಕೆ ತಿರುಗಿಸಿ. ಒಂದು ಹಂತದಲ್ಲಿ ವೇಗ ಏರಿ ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ಏರುವುದಿಲ್ಲ. ಥ್ರಾಟಲ್ ಸ್ಕ್ರೂವಿನಿಂದ ವೇಗವನ್ನು ಮತ್ತೆ ಇಳಿಸಿ ಇದೇ ಕ್ರಮವನ್ನು ಪುನರಾವರ್ತಿಸಿ, ಗರಿಷ್ಠ ಬಿಂದುವಿನಿಂದ ಅಲ್ಪಸ್ವಲ್ಪ ಲೀನ್ ಕಡೆಗೆ ಬಂದು, ಮೀಟರಿನಲ್ಲಿ 0.95ಕ್ಕೂ 1ಕ್ಕೂ ನಡುವೆ ನಿಲ್ಲಿಸಿ. ಸ್ಕ್ರೂವನ್ನು ತಳಕ್ಕೆ ಬಿಗಿಯಾಗಿ ಒತ್ತಬೇಡಿ, ಅದರ ಸೂಜಿಮೊನೆಯಲ್ಲಿ ಗೆರೆ ಬಿದ್ದರೆ ಮುಂದೆ ಎಂದೂ ನಯವಾಗಿ ಹೊಂದುವುದಿಲ್ಲ. ಕೆಲವು ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಪೆಟ್ರೋಲಿನ ಬದಲು ಗಾಳಿಯನ್ನು ನಿಯಂತ್ರಿಸುತ್ತದೆ. ಅಲ್ಲಿ ಒಳಕ್ಕೆ ತಿರುಗಿಸಿದರೆ ರಿಚ್ ಆಗುತ್ತದೆ. ಮೀಟರ್ ಯಾವ ಕಡೆಗೆ ಚಲಿಸುತ್ತದೆ ಎಂದು ನೋಡಿದರೆ ಸಂಶಯವೇ ಉಳಿಯುವುದಿಲ್ಲ.

ವ್ಯಾಕ್ಯೂಮ್ ಗೇಜ್ ಇದ್ದವರು ಒಂದು ಸಂಗತಿಯನ್ನು ನೆನಪಿಡಬೇಕು. ಪುಸ್ತಕಗಳಲ್ಲಿ ಕೊಡುವ ಪಾದರಸದ 17ರಿಂದ 21 ಇಂಚು ಎಂಬ ಅಂಕಿ ಸಮುದ್ರಮಟ್ಟದ್ದು. ಪುಣೆಯಲ್ಲಿ ಆರೋಗ್ಯವಂತ ಎಂಜಿನ್ನೂ ಅದಕ್ಕಿಂತ ಸುಮಾರು 2 ಇಂಚು ಕಡಿಮೆ ತೋರಿಸುತ್ತದೆ.

ಜೆಟ್‌ಗಳ ಸರದಿ

ಸಮತಟ್ಟಾದ ರಸ್ತೆಯಲ್ಲಿ, ಟಾಪ್ ಗೇರಿನಲ್ಲಿ, 60 ಕಿ.ಮೀ. ವೇಗವನ್ನು ಸ್ಥಿರವಾಗಿ ಹಿಡಿದು ಲ್ಯಾಂಬ್ಡಾವನ್ನು ಬರೆದುಕೊಳ್ಳಿ. ಮೀಟರ್ ಓದುವ ಕೆಲಸ ಪಕ್ಕದಲ್ಲಿ ಕೂತವರದ್ದು, ಚಾಲಕರದ್ದಲ್ಲ. 1.05ಕ್ಕಿಂತ ಮೇಲೆ ಹೋಗಿ ಕಾರು ಎಳೆದೆಳೆದು ಓಡುತ್ತಿದ್ದರೆ ಮುಖ್ಯ ಜೆಟ್ ದೊಡ್ಡದಾಗಬೇಕು. ಸೋಲೆಕ್ಸ್ ಮಾದರಿಯ ಜೆಟ್‌ಗಳ ಮೇಲಿನ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಸೂಚಿಸುತ್ತದೆ. ಹರಿವು ವ್ಯಾಸದ ವರ್ಗಕ್ಕೆ ತಕ್ಕಂತೆ ಏರುವುದರಿಂದ 112.5ರ ಜಾಗಕ್ಕೆ 115 ಹಾಕಿದರೆ ಇಂಧನ ಶೇ 4.5ರಷ್ಟು ಹೆಚ್ಚುತ್ತದೆ. ಎಥನಾಲ್ ತರುವ ಇಂಧನದ ಕೊರತೆಯಿಂದ ಎತ್ತರ ತರುವ ಹೆಚ್ಚಳವನ್ನು ಕಳೆದರೆ ಪುಣೆಯಲ್ಲಿ ಉಳಿಯುವ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಜೆಟ್ಟನ್ನು ತಂತಿಯಿಂದಲೋ ಡ್ರಿಲ್‌ನಿಂದಲೋ ಹಿಗ್ಗಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ರಂಧ್ರದ ಅಂಚು ಕೆಟ್ಟರೆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ಸ್ಥಿತಿಯನ್ನು ಡೈನೋ ಮೇಲೆ, ಅಂದರೆ ನಿಂತಲ್ಲೇ ಚಕ್ರಗಳನ್ನು ಓಡಿಸಿ ಶಕ್ತಿ ಅಳೆಯುವ ಯಂತ್ರದ ಮೇಲೆ, ಅಳೆಯುವುದು ಸುರಕ್ಷಿತ. ಅದು ಸಿಗದವರಿಗೆ ಉದ್ದನೆಯ ಏರು ನೆರವಾಗುತ್ತದೆ. ಪುಣೆಯಿಂದ ಕರ್ನಾಟಕದ ಊರಿಗೆ ಹೋಗುವ ದಾರಿಯಲ್ಲಿ, ಸಾತಾರಾ ಕಡೆಗೆ ಖಂಬಾಟ್ಕಿ ಘಾಟ್ ಹತ್ತುವಾಗ, ಲಾರಿಗಳ ಸಾಲು ಇಲ್ಲದ ಹೊತ್ತಿನಲ್ಲಿ ಮೂರನೇ ಗೇರಿನಲ್ಲಿ ಮಾರುತಿ 800 ವೇಗಮಿತಿಯೊಳಗೇ ಪೂರ್ತಿ ಆಕ್ಸಿಲರೇಟರ್ ಬೇಡುತ್ತದೆ. ಆಗ ಲ್ಯಾಂಬ್ಡಾ 0.90 ದಾಟಿದರೆ, ಅಥವಾ ಎಂಜಿನ್‌ನಿಂದ ಕಟಕಟ ಸದ್ದು ಬಂದರೆ, ಕೂಡಲೇ ಕಾಲು ತೆಗೆಯಿರಿ. ಯಾವಾಗಲೂ ರಿಚ್ ಕಡೆಯಿಂದ ಆರಂಭಿಸಿ ಲೀನ್ ಕಡೆಗೆ ಸಣ್ಣ ಹೆಜ್ಜೆಗಳಲ್ಲಿ ಬನ್ನಿ. ತಿರುಗುಮುರುಗಾಗಿ ಮಾಡಿದರೆ ಪಿಸ್ಟನ್ನಿಗೆ ತೂತು ಬೀಳುವ ಅಪಾಯವಿದೆ. ಕಡಿಮೆ ವೇಗದಲ್ಲಿ ಸರಿಯಿದ್ದು ಹೆಚ್ಚಿನ ಸುತ್ತುಗಳಲ್ಲಿ ಮಾತ್ರ ಲೀನ್ ಆಗುತ್ತಿದ್ದರೆ ಮುಖ್ಯ ಜೆಟ್ಟನ್ನು ಬಿಟ್ಟು, ಪೆಟ್ರೋಲಿಗೆ ಗಾಳಿ ಬೆರೆಸುವ ಏರ್ ಜೆಟ್ಟನ್ನು ಒಂದು ಸೈಜ್ ಚಿಕ್ಕದು ಮಾಡಿ.

ಆಕ್ಸಿಲರೇಟರನ್ನು ತಟ್ಟನೆ ಒತ್ತಿದ ಗಳಿಗೆಯಲ್ಲಿ ಮೀಟರ್ ಒಮ್ಮೆ ಲೀನ್ ಕಡೆಗೆ ಜಿಗಿಯುತ್ತದೆ. ಕ್ಷಣಮಾತ್ರದ ಈ ಜಿಗಿತ, ಆ ಗಳಿಗೆಯಲ್ಲಿ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿಗೆ ಸಂಬಂಧಿಸಿದ್ದು, ಅದಕ್ಕಾಗಿ ಮುಖ್ಯ ಜೆಟ್ಟನ್ನು ಬದಲಿಸಬಾರದು.

ಇಂಜೆಕ್ಷನ್ ಕಾರುಗಳಿದ್ದರೆ

ಇವುಗಳಲ್ಲಿ ಕಂಪ್ಯೂಟರ್ ಎತ್ತರವನ್ನೂ ಎಥನಾಲನ್ನೂ ಬಹುಮಟ್ಟಿಗೆ ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ಸ್ಕ್ಯಾನರಿನಲ್ಲಿ ದೀರ್ಘಕಾಲದ ಫ್ಯೂಯಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು–ಕಡಿಮೆ ಮಾಡುತ್ತಿದೆ ಎಂಬ ಅಂಕಿಯನ್ನು ನೋಡಿ. ಶೇ 5ರೊಳಗಿದ್ದರೆ ಕೈ ಹಾಕುವ ಅಗತ್ಯವಿಲ್ಲ. ಅದು ಪೆಟ್ರೋಲ್ ಹೆಚ್ಚಿಸುವ ಕಡೆಗೆ ಶೇ 10 ದಾಟಿದ್ದರೆ, ಐಡಲ್‌ನಲ್ಲಿ ಹೆಚ್ಚಿದ್ದು 2,500 ಸುತ್ತಿನಲ್ಲಿ ಇಳಿದರೆ ಗಾಳಿ ಸೋರಿಕೆಯನ್ನೂ, ಹೊರೆ ಹೆಚ್ಚಿದಂತೆ ಏರಿದರೆ ಪೆಟ್ರೋಲ್ ಪಂಪು ಅಥವಾ ಫಿಲ್ಟರನ್ನೂ ಶಂಕಿಸಿ. ಭಾರತ್ ಸ್ಟೇಜ್ 6 ಕಾರಿನ ಮ್ಯಾಪ್ ಅನ್ನು, ಅಂದರೆ ಕಂಪ್ಯೂಟರಿನಲ್ಲಿರುವ ಇಂಧನದ ಲೆಕ್ಕವನ್ನು, ಬದಲಿಸುವುದು ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸವನ್ನೇ ಕೆಡಿಸುತ್ತದೆ, ಅದನ್ನು ಮಾಡಬೇಡಿ.

ಹಳೆಯ ಎಂಜಿನ್‌ಗೆ ಪ್ರತ್ಯೇಕ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಳವಡಿಸಿದವರಿಗೆ ಲೆಕ್ಕ ಸರಳ: ಸ್ವಯಂ ತಿದ್ದುಪಡಿಯನ್ನು ನಿಲ್ಲಿಸಿ, ಇಂಧನ ಕೋಷ್ಟಕದಲ್ಲಿ ಅಳೆದ ಸ್ಥಿತಿಗೆ ಸೇರಿದ ಕೋಶದ ಅಂಕಿಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ, ಗುರಿಯ ಲ್ಯಾಂಬ್ಡಾದಿಂದ ಭಾಗಿಸಬೇಕು. ಕೋಶದಲ್ಲಿ 62 ಇದ್ದು, ಗುರಿ 0.88, ಮೀಟರ್ ತೋರಿಸಿದ್ದು 0.94 ಆದರೆ ಹೊಸ ಅಂಕಿ ಸುಮಾರು 66. ಅಕ್ಕಪಕ್ಕದ ಕೋಶಗಳನ್ನೂ ಅದೇ ದಿಕ್ಕಿಗೆ ನಯಗೊಳಿಸಿ, ಅದೇ ಏರಿನಲ್ಲಿ, ಅದೇ ಗೇರಿನಲ್ಲಿ ಮತ್ತೆ ಅಳೆಯಿರಿ. ಎರಡು ಅಳತೆಗಳು ಒಂದೇ ಉತ್ತರ ಕೊಡುವವರೆಗೆ ಮುಂದಿನ ಕೋಶಕ್ಕೆ ಹೋಗಬೇಡಿ.