ದೀರ್ಘ ಪ್ರಿಂಟಿಂಗ್‌ನಲ್ಲಿ ಡೆವಲಪರ್‌ನ ಕಸುವು ಕಾಯ್ದುಕೊಳ್ಳುವ ಬಗೆ: ನನ್ನ ಅನುಭವ

ಡಾರ್ಕ್‌ರೂಮಿನಲ್ಲಿ ಒಂದೇ ಕಪ್ಪು-ಬಿಳುಪು ನೆಗೆಟಿವ್‌ನಿಂದ ಹತ್ತಾರು ಪ್ರತಿಗಳನ್ನು ತೆಗೆಯುವಾಗ ಮೊದಲನೆಯದನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣಬಾರದು ಎಂಬುದು ನಾನು ಇಟ್ಟುಕೊಂಡಿರುವ ಅಳತೆಗೋಲು. ಟ್ರೇಯಲ್ಲಿರುವ ಡೆವಲಪರ್, ಅಂದರೆ ಬೆಳಕು ಬಿದ್ದ ಕಾಗದದಲ್ಲಿ ಚಿತ್ರವನ್ನು ಮೂಡಿಸುವ ರಾಸಾಯನಿಕ ದ್ರಾವಣ, ಒಮ್ಮೆಲೇ ಕೈಕೊಡುವುದಿಲ್ಲ. ಹೊತ್ತು ಹೋದಂತೆ ಸ್ವಲ್ಪ ಸ್ವಲ್ಪವೇ ಸೊರಗುತ್ತದೆ, ಸೇಫ್‌ಲೈಟ್‌ನ (ಕಾಗದವನ್ನು ಕೆಡಿಸದ ಮಂದ ದೀಪದ) ಮಬ್ಬಿಗೆ ಒಗ್ಗಿದ ಕಣ್ಣಿಗೆ ಈ ಇಳಿತ ಗೊತ್ತಾಗುವುದೇ ಇಲ್ಲ. ಕಪ್ಪು ಕಳೆಗುಂದಿದಂತೆ ಕಂಡರೆ ಕಾಂಟ್ರಾಸ್ಟ್ ಹೆಚ್ಚಿಸಲು ಫಿಲ್ಟರ್‌ನ ಗ್ರೇಡ್ ಏರಿಸುತ್ತೇವೆ, ಎಕ್ಸ್‌ಪೋಷರ್ ಹೆಚ್ಚಿಸುತ್ತೇವೆ, ನೆಗೆಟಿವ್ ಸರಿಯಿಲ್ಲವೆಂದೂ ಹೇಳುತ್ತೇವೆ. ಆದ್ದರಿಂದ ಕಣ್ಣಂದಾಜನ್ನು ಬಿಟ್ಟು ಗಡಿಯಾರವನ್ನೂ ಪರೀಕ್ಷಾ ಪಟ್ಟಿಗಳನ್ನೂ ನಂಬುವ ಕ್ರಮವೊಂದನ್ನು ರೂಢಿಸಿಕೊಂಡಿದ್ದೇನೆ. ಇಲ್ಲಿ ಹೇಳುವುದೆಲ್ಲ ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಕಾಗದಕ್ಕೂ, ಚಿತ್ರ ಮೂಡಿಸುವ ರಾಸಾಯನಿಕಗಳಾಗಿ ಮೆಟಾಲ್ ಅಥವಾ ಫೆನಿಡೋನ್ ಜೊತೆಗೆ ಹೈಡ್ರೋಕ್ವಿನೋನ್ ಇರುವ ಸಾಮಾನ್ಯ ಡೆವಲಪರ್‌ಗೂ ಸಂಬಂಧಿಸಿದ್ದು.

ಡೆವಲಪರ್ ಸೊರಗುವುದು ಎರಡು ಬೇರೆ ಬೇರೆ ಕಾರಣಗಳಿಂದ. ಗಾಳಿಯ ಆಮ್ಲಜನಕವು ಮೊದಲು ಅದರಲ್ಲಿರುವ, ಕೆಡದಂತೆ ಕಾಪಾಡುವ ಸೋಡಿಯಂ ಸಲ್ಫೈಟನ್ನು ಕಬಳಿಸುತ್ತದೆ. ಆ ರಕ್ಷಣೆ ತೆಳುವಾದ ಮೇಲೆ ಹೈಡ್ರೋಕ್ವಿನೋನ್ ವೇಗವಾಗಿ ಕೆಡುತ್ತದೆ, ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಕಾರಣ ಕೆಲಸದ್ದು. ಪ್ರತಿಯೊಂದು ಪ್ರಿಂಟ್ ತನ್ನ ಬೆಳ್ಳಿಯ ಲವಣದಿಂದ ಬ್ರೋಮೈಡನ್ನು ಟ್ರೇಗೆ ಬಿಟ್ಟು ಹೋಗುತ್ತದೆ, ಜೊತೆಗೆ ದ್ರಾವಣದ ಕ್ಷಾರತೆಯೂ ಇಳಿಯುತ್ತದೆ. ಬ್ರೋಮೈಡ್ ಡೆವಲಪ್‌ಮೆಂಟನ್ನು ತಡೆಹಿಡಿಯುವ ವಸ್ತುವಾದ್ದರಿಂದ ಚಿತ್ರ ತಡವಾಗಿ ಮೂಡುತ್ತದೆ, ತೆಳು ಬೂದು ಛಾಯೆಗಳು ಮೊದಲಿಗೆ ಮಾಯವಾಗುತ್ತವೆ. ಬಣ್ಣವನ್ನು ನೋಡಿ ಡೆವಲಪರ್‌ನ ಆರೋಗ್ಯ ಹೇಳುವ ಅಭ್ಯಾಸ ಬಹಳ ಮಂದಿಗಿದೆ, ಆದರೆ ಬಣ್ಣ ಸಾರುವುದು ಮೊದಲನೆಯ ಕಾರಣವನ್ನು ಮಾತ್ರ. ಬ್ರೋಮೈಡ್ ತುಂಬಿಕೊಂಡ ದ್ರಾವಣ ತಿಳಿಯಾಗಿಯೇ ಇರಬಹುದು. ಆಸ್ಕಾರ್ಬಿಕ್ ಆಮ್ಲದಿಂದ ತಯಾರಾದ ಡೆವಲಪರ್‌ಗಳಂತೂ ಸತ್ತ ಮೇಲೂ ಹೆಚ್ಚು ಬಣ್ಣ ತೋರಿಸುವುದಿಲ್ಲ.

ಗಾಳಿಯ ಕಾಟಕ್ಕೆ ಉತ್ತರ ಟ್ರೇಯ ಲೆಕ್ಕಾಚಾರದಲ್ಲೇ ಇದೆ. 25 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಟ್ರೇಯಲ್ಲಿ ಒಂದು ಲೀಟರ್ ಸುರಿದರೆ ಆಳ ಸುಮಾರು 1.3 ಸೆಂ.ಮೀ. ಮಾತ್ರ, ಎರಡು ಲೀಟರ್ ಸುರಿದರೆ ಗಾಳಿಗೆ ತೆರೆದ ಮೇಲ್ಮೈ ಅಷ್ಟೇ ಇರುತ್ತದೆ, ಅದನ್ನು ಎದುರಿಸುವ ಸಲ್ಫೈಟ್ ಮಾತ್ರ ಇಮ್ಮಡಿಯಾಗುತ್ತದೆ. ಅದೇ ಒಂದು ಲೀಟರನ್ನು 40 x 50 ಸೆಂ.ಮೀ. ಟ್ರೇಯಲ್ಲಿ ಹರಡಿದರೆ ಆಳ ಅರ್ಧ ಸೆಂಟಿಮೀಟರಿಗೆ ಇಳಿಯುತ್ತದೆ, ಬೇಗ ಕೆಡುವುದರಲ್ಲಿ ಆಶ್ಚರ್ಯವಿಲ್ಲ. ಹೀಗಾಗಿ ಕಾಗದ ಹಿಡಿಸುವ ಅತಿ ಚಿಕ್ಕ ಟ್ರೇಯನ್ನು ಆರಿಸಿ, ಅದನ್ನು ಧಾರಾಳವಾಗಿ ತುಂಬಿಸುತ್ತೇನೆ. ನಡುವೆ ವಿರಾಮ ತೆಗೆದುಕೊಳ್ಳುವಾಗ ಡೆವಲಪರನ್ನು ಬಾಟಲಿಗೆ ಹಿಂದಿರುಗಿಸುವುದಿಲ್ಲ, ಏಕೆಂದರೆ ಸುರಿಯುವುದರಿಂದಲೇ ಸಾಕಷ್ಟು ಗಾಳಿ ಬೆರೆಯುತ್ತದೆ. ಟ್ರೇಯ ಅಳತೆಗೆ ಕತ್ತರಿಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಒಂದು ಅಂಚಿನಿಂದ ಮೆಲ್ಲಗೆ ಇಳಿಬಿಟ್ಟು, ಅಡಿಯಲ್ಲಿ ಗುಳ್ಳೆ ಉಳಿಯದಂತೆ ದ್ರಾವಣದ ಮೇಲೆ ತೇಲಿಸಿ ಹೋಗುತ್ತೇನೆ.

ಬ್ರೋಮೈಡಿಗೆ ಮುಚ್ಚಳದಿಂದ ಪ್ರಯೋಜನವಿಲ್ಲ. ಅದನ್ನು ಹೊರಗೆ ತೆಗೆಯಲೇಬೇಕು. ಇಡೀ ದಿನಕ್ಕೆ ಬೇಕಾಗುವ ಡೆವಲಪರನ್ನು ಆರಂಭದಲ್ಲೇ ಒಂದೇ ಹದದಲ್ಲಿ ಬೆರೆಸಿ, ಎರಡು ಲೀಟರನ್ನು ಟ್ರೇಗೆ ಸುರಿದು, ಮಿಕ್ಕದ್ದನ್ನು ಅರ್ಧ ಲೀಟರಿನ ಬಾಟಲಿಗಳಲ್ಲಿ ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿಡುತ್ತೇನೆ. ಟ್ರೇ ಸೊರಗಿದ ಸೂಚನೆ ಸಿಕ್ಕಾಗ ಅರ್ಧ ಲೀಟರನ್ನು ತೆಗೆದು ಚೆಲ್ಲಿ, ಒಂದು ಬಾಟಲಿಯನ್ನು ಸುರಿಯುತ್ತೇನೆ. ಆಗ ಕಾಲು ಭಾಗ ಬ್ರೋಮೈಡ್ ಹೊರಹೋಗುತ್ತದೆ, ಕಾಲು ಭಾಗ ಹೊಸ ಕಸುವು ಒಳಬರುತ್ತದೆ. ಒದ್ದೆ ಕಾಗದಗಳು ಹೊತ್ತೊಯ್ದದ್ದರಿಂದ ಮಟ್ಟ ಇಳಿದಿದ್ದರೆ, ತೆಗೆಯುವುದನ್ನು ಅಷ್ಟು ಕಡಿಮೆ ಮಾಡಿದರಾಯಿತು. ಪೂರ್ತಿ ಚೆಲ್ಲಿ ಹೊಸದನ್ನು ಸುರಿಯುವವರೂ ಇದ್ದಾರೆ; ಆದರೆ ಹಾಗೆ ಮಾಡಿದಾಗ ದಣಿದ ದ್ರಾವಣದಿಂದ ಹೊಚ್ಚ ಹೊಸದಕ್ಕೆ ಒಮ್ಮೆಲೇ ಜಿಗಿತವಾಗುತ್ತದೆ, ಸರಣಿಯ ಮಧ್ಯದಲ್ಲಿ ಎಕ್ಸ್‌ಪೋಷರನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಸಾಂದ್ರ ಡೆವಲಪರನ್ನು ನೇರವಾಗಿ ಟ್ರೇಗೆ ಸೇರಿಸುವ ಉಪಾಯ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅದರಿಂದ ಶಕ್ತಿ ಏರಿದರೂ ಬ್ರೋಮೈಡ್ ಇದ್ದಲ್ಲೇ ಉಳಿಯುತ್ತದೆ.

ಬದಲಾಯಿಸುವ ಹೊತ್ತನ್ನು ನಿರ್ಧರಿಸುವುದು ಈ ಕ್ರಮದ ಜೀವಾಳ. ಕಾಗದ ಡೆವಲಪರ್‌ಗೆ ಮುಳುಗಿದ ಕ್ಷಣದಿಂದ ಚಿತ್ರದ ಒಂದು ಗೊತ್ತಾದ ಜಾಗ ಮೂಡುವವರೆಗಿನ ಸೆಕೆಂಡುಗಳನ್ನು ಎಣಿಸುತ್ತೇನೆ. ಜಾಗವನ್ನು ಆರಿಸುವುದರಲ್ಲಿ ಜಾಣ್ಮೆ ಬೇಕು: ತೀರಾ ಕಪ್ಪಾದ ಭಾಗ ಬೇಗ ಕಾಣಿಸಿಕೊಂಡುಬಿಡುತ್ತದೆ, ತೆಳು ಭಾಗದ ಆರಂಭ ಗುರುತು ಹತ್ತುವುದಿಲ್ಲ. ನಡುಬೂದಿನ ಅಂಚೊಂದು, ಉದಾಹರಣೆಗೆ ಬಿಳಿ ಗೋಡೆಯ ಎದುರಿನ ಕಿಟಕಿಯ ಚೌಕಟ್ಟು, ಇದಕ್ಕೆ ಚೆನ್ನಾಗಿ ಒದಗುತ್ತದೆ. ತಾಜಾ ದ್ರಾವಣದಲ್ಲಿ ಅದು 20 ಸೆಕೆಂಡಿಗೆ ಮೂಡಿ, ಒಟ್ಟು ಡೆವಲಪ್‌ಮೆಂಟ್ ಎರಡು ನಿಮಿಷವಾದರೆ, ಒಟ್ಟು ಸಮಯವನ್ನು ಮೂಡುವ ಸಮಯದಿಂದ ಭಾಗಿಸಿದಾಗ ಬರುವ ಗುಣಕ 6. ಮೂಡುವ ಸಮಯ 22 ಸೆಕೆಂಡಿಗೆ ಏರಿದಾಗ ಅದೇ ಗುಣಕದಿಂದ ಒಟ್ಟು ಸಮಯವನ್ನು 2 ನಿಮಿಷ 12 ಸೆಕೆಂಡಿಗೆ ಹಿಗ್ಗಿಸುತ್ತೇನೆ. 24 ಮುಟ್ಟಿದರೆ ಬಾಟಲಿ ತೆರೆಯುತ್ತೇನೆ. ಇಂಗ್ಲೆಂಡಿನ ಆಲ್ಫ್ರೆಡ್ ವಾಟ್ಕಿನ್ಸ್ ಈ ಗುಣಕದ ವಿಧಾನವನ್ನು 19ನೇ ಶತಮಾನದ ಕೊನೆಯಲ್ಲಿ ಗಾಜಿನ ಪ್ಲೇಟುಗಳಿಗಾಗಿ ರೂಪಿಸಿದ್ದರು. ಕಾಗದಕ್ಕೂ ಅದು ಚೆನ್ನಾಗಿ ಹೊಂದುತ್ತದೆ. ಇಷ್ಟಾಗಿಯೂ ತಡವಾಗಿ ಮೂಡಿದ ಕೂಡಲೇ ದ್ರಾವಣವನ್ನು ದೂರುವ ಮೊದಲು ಥರ್ಮಾಮೀಟರ್ ನೋಡಬೇಕು. ತಂಪಾದ ಡೆವಲಪರ್ ಕೂಡ ನಿಧಾನಿಸುತ್ತದೆ, ಅದರಲ್ಲೂ ಹೈಡ್ರೋಕ್ವಿನೋನ್ ತಂಪಿಗೆ ಬೇಗ ಮಂಕಾಗುವುದರಿಂದ ಕಾಂಟ್ರಾಸ್ಟ್ ಸಹ ಕುಸಿಯುತ್ತದೆ. ಡೆವಲಪರ್ ಟ್ರೇಯನ್ನು 20 ಡಿಗ್ರಿ ಸೆಲ್ಸಿಯಸ್ ನೀರಿರುವ ದೊಡ್ಡ ಟ್ರೇಯೊಳಗೆ ಕೂರಿಸಿದರೆ ಈ ಗೊಂದಲವೇ ಬರುವುದಿಲ್ಲ.

ಗಡಿಯಾರದ ಮಾತನ್ನು ಪರೀಕ್ಷಾ ಪಟ್ಟಿಗಳಿಂದ ತಾಳೆ ನೋಡುತ್ತೇನೆ. ಅದೇ ಪೆಟ್ಟಿಗೆಯ ಕಾಗದದಿಂದ ಕೆಲವು ಪಟ್ಟಿಗಳನ್ನು ಕತ್ತರಿಸಿ, ಎಲ್ಲವನ್ನೂ ಆರಂಭದಲ್ಲೇ ಒಂದೇ ನೆಗೆಟಿವ್‌ಗೆ, ಒಂದೇ ಅಪರ್ಚರ್ ಮತ್ತು ಸಮಯಕ್ಕೆ ಎಕ್ಸ್‌ಪೋಸ್ ಮಾಡಿ ಕಪ್ಪು ಚೀಲದಲ್ಲಿಡುತ್ತೇನೆ. ನೆಗೆಟಿವನ್ನು ಕಾಗದದ ಮೇಲೆ ಬಿಂಬಿಸುವ ಎನ್‌ಲಾರ್ಜರ್‌ನ ದೀಪ ಹಗಲಿಡೀ ಒಂದೇ ಬಗೆಯಲ್ಲಿ ಉರಿಯಿತೇ ಎಂಬ ಪ್ರಶ್ನೆಯನ್ನೇ ಇದು ತೆಗೆದುಹಾಕುತ್ತದೆ. ಪಟ್ಟಿಗಳ ನಡುವೆ ವ್ಯತ್ಯಾಸ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಡೆವಲಪರನ್ನೇ. ಮೊದಲ ಪಟ್ಟಿಯನ್ನು ಫಿಕ್ಸರ್‌ನಲ್ಲಿ (ಚಿತ್ರವನ್ನು ಬೆಳಕಿಗೆ ಕೆಡದಂತೆ ಸ್ಥಿರಗೊಳಿಸುವ ದ್ರಾವಣದಲ್ಲಿ) ಫಿಕ್ಸ್ ಮಾಡಿ ತೊಳೆದು ನೀರಿನಲ್ಲೇ ಇಟ್ಟಿರುತ್ತೇನೆ, ಮುಂದಿನವನ್ನು ಒದ್ದೆಯಾಗಿಯೇ ಅದರ ಪಕ್ಕ ಬಿಳಿ ದೀಪದಡಿ ಹಿಡಿಯುತ್ತೇನೆ. ಒಣಗಿದ ಕಾಗದದಲ್ಲಿ ತೆಳು ಛಾಯೆಗಳು ಒಂದಿಷ್ಟು ಗಾಢವಾಗುವುದರಿಂದ ಒಣಗಿದ್ದನ್ನು ಒದ್ದೆಯಾದದ್ದರೊಡನೆ ಹೋಲಿಸುವುದು ದಾರಿ ತಪ್ಪಿಸುತ್ತದೆ.

ಫಿಕ್ಸರ್‌ನ ಹನಿ ಡೆವಲಪರ್‌ಗೆ ಬಿದ್ದರೆ ಮೇಲಿನ ಜಾಗ್ರತೆಯೆಲ್ಲ ವ್ಯರ್ಥ, ಕಲೆಗಳು ಏಳಬಹುದು. ಪ್ರತಿ ಟ್ರೇಗೂ ಬೇರೆ ಬಣ್ಣದ ಇಕ್ಕಳ, ಫಿಕ್ಸರ್ ಮುಟ್ಟಿದ ಕೈಯನ್ನು ತೊಳೆದು ಒರೆಸದೆ ಹೊಸ ಕಾಗದ ಎತ್ತದಿರುವುದು, ಇಷ್ಟು ಸಾಕು. ಟ್ರೇಯನ್ನು ಒಂದು ಮೂಲೆಯಿಂದ ಮೆಲ್ಲಗೆ ಎತ್ತಿ ಇಳಿಸುತ್ತೇನೆ. ಅಲೆಯೇಳುವಂತೆ ಕುಲುಕಿದರೆ ಗಾಳಿ ಬೆರೆಯುತ್ತದೆ.

ಕೆಲಸ ಮುಗಿದ ಮೇಲೆ ಟ್ರೇಯಲ್ಲಿ ಉಳಿದದ್ದನ್ನು ಯಾವ ಬಾಟಲಿಗೂ ಸೇರಿಸುವುದಿಲ್ಲ. ತೆರೆಯದ ಬಾಟಲಿ ಮಿಕ್ಕಿದ್ದರೆ ಮರುದಿನ ಚೀಲದಲ್ಲಿ ಉಳಿದ ಪಟ್ಟಿಯೊಂದನ್ನು ಅದರಲ್ಲಿ ಡೆವಲಪ್ ಮಾಡಿ ನೋಡುತ್ತೇನೆ, ಹಿಂದಿನ ದಿನದ ಮೊದಲ ಪಟ್ಟಿಗೆ ಸರಿಹೊಂದಿದರೆ ಕಾಂಟ್ಯಾಕ್ಟ್ ಶೀಟ್‌ಗಳಿಗೆ (ನೆಗೆಟಿವ್‌ಗಳನ್ನು ಕಾಗದಕ್ಕೆ ತಾಗಿಸಿ ತೆಗೆಯುವ ಸಣ್ಣ ಪ್ರತಿಗಳಿಗೆ) ಬಳಸಿ ಮುಗಿಸುತ್ತೇನೆ.