ಸಿದ್ಧ ಉಡುಪಿಗೆ ‘ಸೊನ್ನೆ ಸುಂಕ’ ನಿಜವಾಗಿ ಸಿಗುತ್ತದೆಯೇ? ಒಪ್ಪಂದ ಓದುವುದು ಹೀಗೆ

ಎರಡು ದೇಶಗಳು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದರೆ ಸಾಕು, ‘ಸಿದ್ಧ ಉಡುಪಿಗೆ ಸುಂಕವಿಲ್ಲ’ ಎಂಬ ಸುದ್ದಿ ದೊಡ್ಡದಾಗಿ ಬರುತ್ತದೆ. ಸುದ್ದಿ ಸುಳ್ಳಲ್ಲ. ಆದರೆ ಹೊಲಿದ ಎಲ್ಲ ಅಂಗಿಗೂ ಆ ವಿನಾಯಿತಿ ಸಿಗುವುದಿಲ್ಲ. ಅಂಗಿ ಎಲ್ಲಿ ಹೊಲಿದದ್ದು ಎಂಬುದರ ಜೊತೆಗೆ ಬಟ್ಟೆ ಎಲ್ಲಿಯದು, ಎಷ್ಟೋ ಸಲ ನೂಲು ಎಲ್ಲಿಯದು ಎಂದೂ ಕಸ್ಟಮ್ಸ್‌ನವರು ಕೇಳುತ್ತಾರೆ. ಸಣ್ಣ ತಯಾರಕರು ಎಡವುವುದು ಇಲ್ಲೇ. ಹಾಗಾಗಿ ಒಪ್ಪಂದವನ್ನು ಯಾವ ಕ್ರಮದಲ್ಲಿ ಓದಬೇಕು ಎಂದು ನೋಡೋಣ.

ಬಟ್ಟೆಗೆ ಯಾಕಿಷ್ಟು ಬಿಗಿ? ಇದು ಹೆಚ್ಚು ಕೈಗಳಿಗೆ ಕೆಲಸ ಕೊಡುವ ಉದ್ಯಮ. ಕೂಲಿ ಕಡಿಮೆ ಇರುವ ಕಡೆಗೆ ಬೇಗ ಜಾಗ ಬದಲಿಸುತ್ತದೆ. ತಮ್ಮ ಗಿರಣಿಗಳನ್ನು ಉಳಿಸಿಕೊಳ್ಳಲು ಶ್ರೀಮಂತ ದೇಶಗಳು 1974ರಲ್ಲಿ ‘ಮಲ್ಟಿ ಫೈಬರ್ ಅರೇಂಜ್‌ಮೆಂಟ್’ ತಂದವು. ಯಾವ ದೇಶದಿಂದ ಎಷ್ಟು ಮಾಲು ಬರಬಹುದು ಎಂದು ಅದರಡಿ ಕೋಟಾ ಹಾಕುತ್ತಿದ್ದರು. ವಿಶ್ವ ವ್ಯಾಪಾರ ಸಂಸ್ಥೆ ಬಂದ ಮೇಲೆ, 1995ರಿಂದ ಹಂತ ಹಂತವಾಗಿ ಈ ಕೋಟಾ ಕಳಚಿತು. 2005ರ ಜನವರಿ 1ಕ್ಕೆ ಪೂರ್ತಿ ಮುಗಿಯಿತು. ಆದರೆ ಉಡುಪಿನ ಮೇಲಿನ ಸುಂಕ ಜಾಸ್ತಿಯೇ ಉಳಿಯಿತು. ಗಿರಣಿಗಳನ್ನು ಕಾಯುವ ಕೆಲಸ ಈಗ ‘ಮೂಲ ನಿಯಮ’ದ, ಅಂದರೆ ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮದ, ಪಾಲಿಗೆ ಬಂದಿದೆ.

ಮೊದಲು ಕೋಡ್ ಹುಡುಕಿ

ಎಲ್ಲ ಸರಕಿಗೂ ಒಂದು ಎಚ್‌ಎಸ್ ಕೋಡ್, ಅಂದರೆ ಸರಕನ್ನು ವಿಂಗಡಿಸಲು ದೇಶಗಳು ಬಳಸುವ ಸಂಖ್ಯೆ, ಇರುತ್ತದೆ. ಜವಳಿ ಮತ್ತು ಉಡುಪು 50ರಿಂದ 63ನೇ ಅಧ್ಯಾಯದವರೆಗೆ ಬರುತ್ತವೆ. ಟೀ ಶರ್ಟ್‌ನಂತಹ ಹೆಣೆದ ಬಟ್ಟೆಯ ಉಡುಪು 61ನೇ ಅಧ್ಯಾಯ. ಮಗ್ಗದಲ್ಲಿ ನೇಯ್ದ ಬಟ್ಟೆಯ ಉಡುಪು 62. ಹಾಸಿಗೆ ಬಟ್ಟೆ, ಟವೆಲ್‌ನಂತಹವು 63. ಮಿಶ್ರ ಬಟ್ಟೆಯಾದರೆ ಯಾವ ನಾರಿನ ತೂಕ ಹೆಚ್ಚೋ ಅದರ ಲೆಕ್ಕ. ಪಾಲಿಯೆಸ್ಟರ್ 60, ಹತ್ತಿ 40 ಇದ್ದರೆ ಅದು ಕೃತಕ ನಾರಿನ ಅಂಗಿ. ಇದು ಸಣ್ಣ ವಿಷಯವಲ್ಲ. ಅಮೆರಿಕದ ಮೂಲ ಸುಂಕಪಟ್ಟಿಯಲ್ಲಿ ಹತ್ತಿಯ ಟೀ ಶರ್ಟ್‌ಗೆ ಶೇ 16.5 ಸುಂಕ, ಕೃತಕ ನಾರಿನದ್ದಕ್ಕೆ ಶೇ 32.

ಆಮೇಲೆ ಸುಂಕದ ಪಟ್ಟಿ

ಒಪ್ಪಂದದ ಕೊನೆಯಲ್ಲಿ ಉದ್ದನೆಯ ಅನುಬಂಧ ಇರುತ್ತದೆ. ನಿಮ್ಮ ಕೋಡ್‌ನ ಸಾಲಿನಲ್ಲಿ ಮೂಲ ಸುಂಕ ಎಷ್ಟು, ಅದು ಯಾವಾಗ ಇಳಿಯುತ್ತದೆ ಎಂದು ನೋಡಿ. ಕೆಲವಕ್ಕೆ ಮೊದಲ ದಿನವೇ ಸೊನ್ನೆ. ಕೆಲವಕ್ಕೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಕೆಲವನ್ನು ಪಟ್ಟಿಯಿಂದಲೇ ಹೊರಗಿಟ್ಟಿರುತ್ತಾರೆ.

ಈಗ ಮೂಲ ನಿಯಮ: ನಿಧಾನವಾಗಿ ಓದಬೇಕಾದ ಜಾಗ

ನಾರಿನಿಂದ ನೂಲು, ನೂಲಿನಿಂದ ಬಟ್ಟೆ, ಬಟ್ಟೆಯಿಂದ ಅಂಗಿ. ಇವುಗಳಲ್ಲಿ ಎಷ್ಟು ಹಂತ ಒಪ್ಪಂದದ ದೇಶಗಳ ಒಳಗೇ ಆಗಿರಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಬಟ್ಟೆ ಎಲ್ಲಿಂದಾದರೂ ತಂದು, ಕತ್ತರಿಸಿ ಹೊಲಿದರೆ ಸಾಕು ಎನ್ನುವುದು ಒಂದು ಹಂತದ ನಿಯಮ. ನೇಯ್ಗೆ ಅಥವಾ ಹೆಣಿಗೆಯೂ ಒಳಗೇ ಆಗಬೇಕು ಎಂದರೆ ಎರಡು ಹಂತ. ಯುರೋಪಿಯನ್ ಒಕ್ಕೂಟದ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ನೂಲು ತೆಗೆಯುವುದರಿಂದಲೇ ಒಳಗಿರಬೇಕು ಎಂದರೆ ಮೂರು ಹಂತ. ಇದಕ್ಕೆ ‘ಯಾರ್ನ್ ಫಾರ್ವರ್ಡ್’ ಎನ್ನುತ್ತಾರೆ. ಅಮೆರಿಕ, ಮೆಕ್ಸಿಕೊ, ಕೆನಡಾ ನಡುವಿನ 1994ರ ಒಪ್ಪಂದ ನಾಫ್ಟಾದಲ್ಲಿ ಇದೇ ಇತ್ತು. ಅದರ ಬದಲಿಗೆ 2020ರಲ್ಲಿ ಬಂದ ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದದಲ್ಲೂ ಇದೆ. ಈ ಹೊಸ ಒಪ್ಪಂದ ಇನ್ನೂ ಒಳಕ್ಕೆ ಹೋಗಿ, ಹಲವು ಉಡುಪುಗಳ ಹೊಲಿಗೆ ದಾರ, ಜೇಬಿನ ಬಟ್ಟೆ, ಕಿರಿದಾದ ಎಲಾಸ್ಟಿಕ್ ಪಟ್ಟಿ ಕೂಡ ಒಳಗಿನದ್ದೇ ಆಗಿರಬೇಕು ಎಂದು ಹೇಳುತ್ತದೆ.

ಒಂದು ಹಂತ ಹೆಚ್ಚುಕಮ್ಮಿಯಾದರೆ ಏನಾಗುತ್ತದೆ? ಬಾಂಗ್ಲಾದೇಶವನ್ನೇ ನೋಡಿ. ಅತಿ ಹಿಂದುಳಿದ ದೇಶ ಎಂದು ಯುರೋಪಿಯನ್ ಒಕ್ಕೂಟ ಅದಕ್ಕೆ ಮೊದಲಿನಿಂದಲೂ ವಿನಾಯಿತಿ ಕೊಟ್ಟಿತ್ತು, ಆದರೆ ಎರಡು ಹಂತದ ಷರತ್ತಿನ ಮೇಲೆ. ಹೆಣೆದ ಬಟ್ಟೆ ಅಲ್ಲೇ ತಯಾರಾಗುತ್ತಿದ್ದುದರಿಂದ ಟೀ ಶರ್ಟ್‌ಗಳಿಗೆ ಅಷ್ಟು ತೊಂದರೆ ಇರಲಿಲ್ಲ. ನೇಯ್ದ ಬಟ್ಟೆ ಹೆಚ್ಚಾಗಿ ಹೊರಗಿನಿಂದ ಬರುತ್ತಿತ್ತು. ಅದರಿಂದ ಹೊಲಿದ ಶರ್ಟು, ಪ್ಯಾಂಟು ವಿನಾಯಿತಿಯಿಂದ ಹೊರಗುಳಿಯುತ್ತಿದ್ದವು. 2011ರಲ್ಲಿ ಈ ಬಡ ದೇಶಗಳಿಗೆ ಒಂದು ಹಂತ ಸಾಕು ಎಂದಾದ ಮೇಲೆ ಅವಕ್ಕೂ ಬಾಗಿಲು ತೆರೆಯಿತು. ಸುಂಕದ ದರ ಬದಲಾಗಿರಲಿಲ್ಲ, ನಿಯಮ ಬದಲಾಗಿತ್ತು. ನನ್ನ ಮಟ್ಟಿಗೆ ಬಡ ದೇಶಗಳಿಗೆ ಈ ಸಡಿಲಿಕೆಯೇ ನ್ಯಾಯ. ನೂಲಿನ ಗಿರಣಿಗೆ ದೊಡ್ಡ ಬಂಡವಾಳ ಬೇಕು. ಅದನ್ನು ಕಟ್ಟುವವರೆಗೂ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳು ಕಾಯಬೇಕು ಎನ್ನುವುದು ಸರಿಯಲ್ಲ, ಅಲ್ವಾ?

ಸಡಿಲಿಕೆಗಳನ್ನು ಬಿಡಬೇಡಿ

ನಿಯಮಕ್ಕೆ ಹೊಂದಲಿಲ್ಲ ಎಂದು ಅಲ್ಲಿಗೇ ಕೈಬಿಡಬೇಡಿ. ತೂಕದಲ್ಲಿ ಇಷ್ಟು ಪಾಲು ಹೊರಗಿನ ನೂಲು ಇದ್ದರೂ ನಡೆಯುತ್ತದೆ ಎಂಬ ರಿಯಾಯಿತಿ ಸಾಮಾನ್ಯವಾಗಿ ಇರುತ್ತದೆ. ನಾಫ್ಟಾದಲ್ಲಿ ಅದು ಶೇ 7 ಇತ್ತು, ಹೊಸ ಒಪ್ಪಂದದಲ್ಲಿ ಶೇ 10 ಆಗಿದೆ. ಹಿಗ್ಗುವ ನೂಲಿಗೆ ಮಾತ್ರ ಬೇರೆ ಮಿತಿ ಇರಬಹುದು, ಲೆಗಿಂಗ್ಸ್‌ನಂತಹವನ್ನು ಮಾಡುವವರು ಇದನ್ನು ತಪ್ಪದೆ ನೋಡಬೇಕು. ಒಳಗೆ ಸಿಗದ ನೂಲು, ಬಟ್ಟೆಗಳಿಗೆ ‘ಕೊರತೆ ಪಟ್ಟಿ’ ಇರುತ್ತದೆ. ಆ ಪಟ್ಟಿಯಲ್ಲಿರುವುದನ್ನು ಹೊರಗಿನಿಂದ ತರಬಹುದು. ನೆರೆಯ ದೇಶದ ಬಟ್ಟೆಯನ್ನೂ ನಮ್ಮದೆಂದೇ ಲೆಕ್ಕಕ್ಕೆ ಹಿಡಿಯುವ ‘ಕ್ಯುಮ್ಯುಲೇಷನ್’ ಇನ್ನೊಂದು ದಾರಿ. ಇಂತಿಷ್ಟು ಪ್ರಮಾಣದವರೆಗೆ ಮೂಲ ನಿಯಮಕ್ಕೆ ಹೊಂದದ ಉಡುಪಿಗೂ ಕಡಿಮೆ ಸುಂಕ ಹಾಕುವ ಒಪ್ಪಂದಗಳೂ ಇವೆ.

ಕಾಗದ ಪತ್ರ

ಸರಕು ಯಾವ ದೇಶದ್ದು ಎಂದು ಹೇಳುವ ‘ಮೂಲ ಪ್ರಮಾಣಪತ್ರ’ವೊಂದೇ ಸಾಲದು. ನೂಲಿನ ಬಿಲ್, ಬಟ್ಟೆಯ ಬಿಲ್, ಕತ್ತರಿಸಿ ಹೊಲಿದ ದಾಖಲೆ, ಮಾಲು ಸಾಗಿದ ದಾರಿಯ ಪತ್ರ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದದಲ್ಲಿ ಇವನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ಜವಳಿಯಲ್ಲಿ ತಪಾಸಣೆ ಬಿಗಿ, ಆಮದು ದೇಶದ ಅಧಿಕಾರಿಗಳು ಕಾರ್ಖಾನೆಗೇ ಬಂದು ನೋಡಬಹುದು. ದಾಖಲೆ ಸಿಗದಿದ್ದರೆ ವಿನಾಯಿತಿ ರದ್ದಾಗಿ ಆಮದುದಾರರು ಪೂರ್ತಿ ಸುಂಕ ಕಟ್ಟಬೇಕಾಗುತ್ತದೆ. ಆಮದು ಏಕಾಏಕಿ ಏರಿ ಒಳಗಿನ ಉದ್ಯಮಕ್ಕೆ ಪೆಟ್ಟು ಬಿದ್ದರೆ ತಾತ್ಕಾಲಿಕವಾಗಿ ಸುಂಕ ಏರಿಸುವ ಅವಕಾಶವೂ ಹಲವು ಒಪ್ಪಂದಗಳಲ್ಲಿ ಇದೆ. ಉದ್ದನೆಯ ಆರ್ಡರ್ ಹಿಡಿಯುವ ಮುನ್ನ ಆ ಕಲಮನ್ನೂ ಓದಿಕೊಳ್ಳಿ.

ಕೋಡ್ ಅಥವಾ ಮೂಲದ ಬಗ್ಗೆ ಅನುಮಾನ ಉಳಿದರೆ ಮಾಲು ಕಳಿಸುವ ಮೊದಲೇ ಆಮದು ದೇಶದ ಕಸ್ಟಮ್ಸ್‌ಗೆ ಬರೆದು ‘ಮುಂಗಡ ತೀರ್ಪು’ ಕೇಳಬಹುದು. 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದ ಇದಕ್ಕೆ ಅವಕಾಶ ಕೊಟ್ಟಿದೆ. ಅರ್ಜಿಯಲ್ಲಿ ನಾರಿನ ತೂಕದ ಪಾಲು, ನೂಲು ಮತ್ತು ಬಟ್ಟೆ ಬಂದ ದೇಶ, ಎಲ್ಲೆಲ್ಲಿ ಯಾವ ಕೆಲಸ ಆಯಿತು ಎಂಬುದನ್ನು ಬಿಡಿಸಿ ಬರೆಯಿರಿ. ನೀವು ಕೊಟ್ಟ ವಿವರ ನಿಜವಾಗಿದ್ದು, ನಿಯಮ ಬದಲಾಗದೇ ಇದ್ದರೆ, ತೀರ್ಪಿನ ಅವಧಿ ಮುಗಿಯುವವರೆಗೆ ಕಸ್ಟಮ್ಸ್ ಅದರಂತೆಯೇ ನಡೆಯಬೇಕು.